ಬೃಹನ್ನಳೆ, ಶಿಖಂಡಿ: ಕ್ವಿಯರ್ ಓದಿನ ಒಂದು ಸಂಜೆಗೆ ಪಠ್ಯ, ವೇಷ, ಗೊಂಬೆ (ಚರ್ಚೆ)

ಬೆಣ್ಣೆನಗರಿ:
ದಾವಣಗೆರೆಯಲ್ಲಿ ಎರಡು ಗಂಟೆಯ ಒಂದು ಸಂಜೆ ಕಾರ್ಯಕ್ರಮದ ತಯಾರಿ ನಡೆದಿದೆ. ಮೊದಲು ಗಮಕ (ಕಾವ್ಯವನ್ನು ರಾಗವಾಗಿ ಓದಿ ಅರ್ಥ ಹೇಳೋದು), ಆಮೇಲೆ ಅರ್ಧ ಗಂಟೆ ತೊಗಲುಗೊಂಬೆ, ಕೊನೆಗೆ ಮಾತುಕತೆ. ಹೊರಗಿನ ಪಡಸಾಲೆಯಲ್ಲಿ ಹತ್ತು ಹನ್ನೆರಡು ಚಿತ್ರ. ಮಹಾಭಾರತದ ಪಾತ್ರಗಳನ್ನು ಸಾಹಿತ್ಯದಲ್ಲೂ ಕಲೆಯಲ್ಲೂ ಕ್ವಿಯರ್ ಕಣ್ಣಿನಿಂದ, ಅಂದರೆ ಗಂಡು-ಹೆಣ್ಣು ಅನ್ನೋ ಕಟ್ಟುಪಾಡಿಗೆ ಒಗ್ಗದವರ ಕಣ್ಣಿನಿಂದ, ಹೇಗೆ ಮತ್ತೆ ಓದಿದ್ದಾರೆ ಅನ್ನೋದು ವಿಷಯ. ಬೃಹನ್ನಳೆ (ಅಜ್ಞಾತವಾಸದ ಅರ್ಜುನ), ಶಿಖಂಡಿ (ಹೆಣ್ಣಾಗಿ ಹುಟ್ಟಿ ಗಂಡಾದ ದ್ರುಪದನ ಮಗು) ಇಬ್ಬರನ್ನೂ ಒಟ್ಟಿಗೆ ತರೋಣ ಅನ್ನೋರು ಕೆಲವರು, ಒಬ್ಬರನ್ನೇ ಹಿಡೀರಿ ಅನ್ನೋರು ಕೆಲವರು. ಯಾವ ಪಠ್ಯ, ಎಷ್ಟು ಪದ್ಯ, ವೇಷ ಹೇಗಿರಬೇಕು, ಎಲ್ಲಿ ಎಡವುತ್ತೆ? ಬಲ್ಲವರು ಬಿಡಿಸಿ ಹೇಳ್ರಿ.

ದುರ್ಗದ ಓದುಗ:
ಇಬ್ಬರನ್ನೂ ತರಬಹುದು, ಆದರೆ ಒಂದೇ ಚೀಟಿ ಅಂಟಿಸಿ ತರಬೇಡಿ. ಇಂಥ ಕಾರ್ಯಕ್ರಮಗಳು ಕೆಡೋದು ಮೊದಲು ಅಲ್ಲೇ.

ಬೃಹನ್ನಳೆಯದು ಅವಧಿ ಇರುವ ಬದುಕು. ಒಂದು ವರ್ಷ, ಅದು ಮುಗಿದ ಮೇಲೆ ಅರ್ಜುನ ಅರ್ಜುನನೇ, ಗಾಂಡೀವ ಕೈಗೆ ಬಂತು, ಮರ್ಯಾದೆಯೂ ಬಂತು. ಶಿಖಂಡಿಗೆ ಅಂಥ ಕೊನೆಯ ದಿನಾಂಕ ಇಲ್ಲ. ಹುಟ್ಟಿನಿಂದ ಸಾವಿನವರೆಗೆ ಬೇರೆಯವರು ಅವನ ದೇಹದ ಲೆಕ್ಕ ಕೇಳುತ್ತಲೇ ಇರುತ್ತಾರೆ. ಬೃಹನ್ನಳೆಯ ಮೇಲೆ ಕಟ್ಟಿದ ಓದು ಸುಲಭಕ್ಕೆ ಸಂಭ್ರಮ ಆಗುತ್ತೆ, ಶಿಖಂಡಿಯ ಮೇಲೆ ಕಟ್ಟಿದ್ದು ಆಗಲ್ಲ. ಆಗಬಾರದು ಕೂಡ.

ಪಠ್ಯದ ವಿಷಯಕ್ಕೆ ಬಂದರೆ, ಬೃಹನ್ನಳೆಗೆ ಎರಡು ಕಾರಣಗಳು ಸಿಗುತ್ತವೆ, ಯಾವುದನ್ನು ಹಿಡಿಯುತ್ತೀರಿ ಅಂತ ಮೊದಲೇ ನಿರ್ಧಾರ ಮಾಡಿ. ಒಂದು, ಊರ್ವಶಿಯ ಶಾಪ. ಪುರೂರವನ ಹೆಂಡತಿ ನೀನು, ನನಗೆ ತಾಯಿಯ ಸಮಾನ ಅಂತ ಅರ್ಜುನ ಒಲ್ಲೆ ಅಂದ, ಅವಳು ಶಪಿಸಿದಳು, ಇಂದ್ರ ಅದನ್ನು ಒಂದು ವರ್ಷಕ್ಕೆ ಇಳಿಸಿದ. ಕುಮಾರವ್ಯಾಸನ ಅರಣ್ಯಪರ್ವದಲ್ಲಿ ಇದು ವಿಸ್ತಾರವಾಗಿದೆ, ನಮ್ಮ ಕಡೆ ಎಲ್ಲರಿಗೂ ಗೊತ್ತಿರೋದೂ ಇದೇ. ಆದರೆ 1966ರಲ್ಲಿ ಪೂರ್ಣಗೊಂಡ ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯ ಮುಖ್ಯ ಪಠ್ಯದಲ್ಲಿ ಊರ್ವಶಿಯ ಪ್ರಸಂಗ ಇಲ್ಲ, ಅನುಬಂಧಕ್ಕೆ ಹೋಗಿದೆ. ಅಲ್ಲಿ ವಿರಾಟಪರ್ವದ ಅರ್ಜುನ ಬನ್ನಿಮರದ ಹತ್ತಿರ ಉತ್ತರನಿಗೆ ಕೊಡೋದು ಎರಡನೆಯ ಕಾರಣ: ನಾನು ಕ್ಲೀಬನಲ್ಲ (ನಪುಂಸಕನಲ್ಲ), ಅಣ್ಣನ ಮಾತಿಗೆ ಕಟ್ಟುಬಿದ್ದು ಒಂದು ವರ್ಷದ ವ್ರತ ಹಿಡಿದಿದ್ದೆ.

ಶಾಪ ಅಂದರೆ ದೇಹ ಬದಲಾಯಿತು. ವ್ರತ ಅಂದರೆ ನಡೆ-ನುಡಿ-ಉಡುಗೆ ಬದಲಾಯಿತು. ಎರಡೂ ಬೇರೆ ಬೇರೆ ನಾಟಕ. ತಮಾಷೆ ಏನಂದರೆ, ಅದೇ ಪಠ್ಯದಲ್ಲಿ ವಿರಾಟ ಬೃಹನ್ನಳೆಯನ್ನು ಕನ್ಯೆಯರ ಮನೆಗೆ ಕಳಿಸುವ ಮುಂಚೆ ಗಂಡಸುತನ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾನೆ. ಬರೀ ವೇಷವಾದರೆ ಆ ಖಾತ್ರಿ ಹೇಗಾಯಿತು? ಪಠ್ಯ ಉತ್ತರ ಕೊಡದೆ ಮುಂದೆ ಹೋಗುತ್ತೆ. ಕ್ವಿಯರ್ ಓದಿಗೆ ನಿಜವಾದ ಜಾಗ ಇರೋದು ಈ ಬಿರುಕಿನಲ್ಲಿ. ಇದನ್ನು ಬಿಟ್ಟು ಹೊರಗಿಂದ ಏನೇನೋ ತಂದು ಅಂಟಿಸೋರೇ ಜಾಸ್ತಿ.

ಗಮಕ_ಜಗಳೂರು:
ಓದುಗರು ಹೇಳಿದ್ದು ಸರಿ. ಸಮಯದ ಲೆಕ್ಕ ನಾನು ಸೇರಿಸ್ತೀನಿ. ಕುಮಾರವ್ಯಾಸನ ಆರು ಸಾಲಿನ ಭಾಮಿನಿ ಷಟ್ಪದಿಯ ಒಂದು ಪದ್ಯ ವಾಚನಕ್ಕೆ ಒಂದರಿಂದ ಒಂದೂವರೆ ನಿಮಿಷ, ವ್ಯಾಖ್ಯಾನ ಸೇರಿದರೆ ನಾಲ್ಕು. ನಿಮ್ಮ ಹತ್ತಿರ ನಲವತ್ತು ನಿಮಿಷ ಇದ್ದರೆ ಒಂಬತ್ತು ಪದ್ಯ ಮೀರಬೇಡಿ. ಹದಿನೈದು ಇಟ್ಟುಕೊಂಡು ಓಡಿಸಿದರೆ ವ್ಯಾಖ್ಯಾನಕಾರರಿಗೆ ಉಸಿರಾಡೋಕೂ ಜಾಗ ಇರಲ್ಲ, ನಿಮ್ಮ ವಿಷಯ ಇರೋದೇ ವ್ಯಾಖ್ಯಾನದಲ್ಲಿ.

ಹಂಚಿಕೆ ಹೀಗಿರಲಿ: ಊರ್ವಶಿಯ ಭಾಗದಿಂದ ಮೂರು, ವಿರಾಟನ ಆಸ್ಥಾನ ಪ್ರವೇಶಕ್ಕೆ ಎರಡು, ಉತ್ತರನ ಪೌರುಷಕ್ಕೆ ಎರಡು, ಬನ್ನಿಮರದ ಬಳಿ ಎರಡು. ಉತ್ತರನ ಭಾಗದಲ್ಲಿ ಹಾಸ್ಯ ತಾನಾಗೇ ಬರುತ್ತೆ, ಬರಲಿ. ಆದರೆ ನಗು ಉತ್ತರನ ಮೇಲೆ ಇರಬೇಕು. ಬೃಹನ್ನಳೆ ಆಸ್ಥಾನಕ್ಕೆ ಬರುವ ಪದ್ಯಕ್ಕೆ ಗಮಕಿ ದನಿ ತೆಳ್ಳಗೆ ಮಾಡಿ, ಕೈ ತಿರುಗಿಸಿ ಓದಿದರೆ ಸಭೆ ಅಲ್ಲೇ ನಕ್ಕುಬಿಡುತ್ತೆ, ಆಮೇಲೆ ಆ ಸಭೆ ವಾಪಸ್ ಬರಲ್ಲ. ಪ್ರವೇಶದ ಪದ್ಯಕ್ಕೆ ಗಂಭೀರ ರಾಗ, ಮಧ್ಯಮ ಕಾಲ.

ಇನ್ನೊಂದು ಮಾತು. ನಮ್ಮ ಜಿಲ್ಲೆಗಳಲ್ಲಿ ಮಳೆ ಕೈಕೊಟ್ಟಾಗ ವಿರಾಟಪರ್ವ ಓದಿಸೋ ರೂಢಿ ಇದೆ. ಹಾಗಾಗಿ ಎದುರಿಗೆ ಕೂತವರಲ್ಲಿ ಈ ಪದ್ಯಗಳನ್ನು ಭಕ್ತಿಯಿಂದ ಕೇಳಿದವರು ಇದ್ದೇ ಇರುತ್ತಾರೆ. ಅದು ತೊಡಕಲ್ಲ, ಅನುಕೂಲ. ಕಥೆ ವಿವರಿಸೋ ಕೆಲಸ ಉಳೀತು, ನೇರ ಪ್ರಶ್ನೆಗೆ ಬರಬಹುದು.

ಹೊಸದಾಗಿ ಕೊಂಡಿ ಪದ್ಯ ಬರೆದು ಸೇರಿಸೋ ಆಸೆ ಇದ್ದರೆ ಛಂದಸ್ಸು ಕೆಡಿಸಬೇಡಿ. 1, 2, 4, 5ನೇ ಸಾಲಿಗೆ ಹದಿನಾಲ್ಕು ಮಾತ್ರೆ (3+4+3+4), 3 ಮತ್ತು 6ಕ್ಕೆ ಇಪ್ಪತ್ಮೂರು, ಅಂದರೆ 3+4 ಮೂರು ಸಲ ಬಂದು ಕೊನೆಗೆ ಒಂದು ಗುರು. ಒಟ್ಟು 102. ಆದಿಪ್ರಾಸ ಬೇಕೇ ಬೇಕು. ಕ್ವಿಯರ್, ಟ್ರಾನ್ಸ್ ಅನ್ನೋ ಪದಗಳನ್ನು ಭಾಮಿನಿಯೊಳಗೆ ತುರುಕೋದು ಬೇಡ, ಅವು ವ್ಯಾಖ್ಯಾನದಲ್ಲಿ ಬರಲಿ.

ಮೂಡಲಪಾಯ_ಚಳ್ಳಕೆರೆ:
ವೇಷದ ಬಗ್ಗೆ ಯಾರೂ ಹೇಳದ ತೊಂದರೆ ಒಂದಿದೆ ಕಣ್ರೀ. ನಮ್ಮ ಮೂಡಲಪಾಯ ಯಕ್ಷಗಾನದಲ್ಲಿ ಸಂಪ್ರದಾಯವಾಗಿ ಎಲ್ಲಾ ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡೋದು. ಸೈರಂಧ್ರಿಯೂ ಗಂಡಸು, ಸುದೇಷ್ಣೆಯೂ ಗಂಡಸು, ಬೃಹನ್ನಳೆಯೂ ಗಂಡಸು. ಮೂರೂ ಜನಕ್ಕೆ ಒಂದೇ ಥರ ಸೀರೆ, ಒಂದೇ ಥರ ಜಡೆ ಕೊಟ್ಟರೆ ಬೃಹನ್ನಳೆ ಅನ್ನೋ ಪಾತ್ರವೇ ಕಾಣೆಯಾಗುತ್ತೆ. ನೋಡೋರಿಗೆ ಅದೂ ಒಂದು ಸ್ತ್ರೀವೇಷ, ಅಷ್ಟೆ.

ಬೇರೆ ಮಾಡೋ ಗುರುತು ಮೂಲದಲ್ಲೇ ಇದೆ. ಹೆದೆ ತಾಗಿ ತಾಗಿ ಅರ್ಜುನನ ತೋಳಲ್ಲಿ ಕಲೆ ಬಿದ್ದಿರುತ್ತೆ, ಅದನ್ನು ಮುಚ್ಚೋಕೆ ಅವನು ಬಳೆ ತೊಡೋದು. ಅವನು ಸವ್ಯಸಾಚಿ, ಎರಡೂ ಕೈಯಲ್ಲಿ ಬಾಣ ಬಿಡೋನು, ಹಾಗಾಗಿ ಕಲೆ ಎರಡೂ ಕೈಗೆ. ಸಾಮಾನ್ಯ ಬಿಲ್ಲುಗಾರನಾದರೆ ಒಂದು ಕೈ ಮುಚ್ಚಿದರೆ ಸಾಕಿತ್ತು. ವೇಷದಲ್ಲಿ ಇದನ್ನು ಹಿಡೀರಿ: ಮಿಕ್ಕ ಹೆಣ್ಣು ವೇಷಕ್ಕೆ ಮಣಿಕಟ್ಟಿನ ಹತ್ತಿರ ನಾಲ್ಕಾರು ಬಳೆ, ಬೃಹನ್ನಳೆಗೆ ಎರಡೂ ಕೈಗೆ ಮೊಣಕೈವರೆಗೆ. ಸಭೆ ಮೊದಲು ಅದನ್ನು ಅಲಂಕಾರ ಅಂದುಕೊಳ್ಳುತ್ತೆ. ಬನ್ನಿಮರದ ಹತ್ತಿರ ಬಳೆ ತೆಗೆದು ಕಲೆ ತೋರಿಸಿದಾಗ ಒಂದು ಮಾತೂ ಇಲ್ಲದೆ ಎಲ್ಲಾ ಗೊತ್ತಾಗುತ್ತೆ. ಕಲೆಗೆ ಅಂಟು, ತೆಳು ಹತ್ತಿ, ಮೇಲೆ ಕಂದು ಬಣ್ಣ. ಬರೀ ಬಣ್ಣ ಬಳಿದರೆ ಬಳೆ ಉಜ್ಜಿ ಆಸ್ಥಾನದ ದೃಶ್ಯಕ್ಕೇ ಅಳಿಸಿಹೋಗಿರುತ್ತೆ.

ಕಿರೀಟ, ಭುಜಕೀರ್ತಿ ಈ ಪಾತ್ರಕ್ಕೆ ಬೇಡ. ಕೊನೆಯಲ್ಲಿ ಅರ್ಜುನ ಆದಾಗಲೂ ಬೇಡ. ಮೂಲದಲ್ಲಿ ಅವನು ಕೂದಲನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಬಿಲ್ಲಿಗೆ ಹೆದೆ ಏರಿಸ್ತಾನೆ, ಅಷ್ಟೇ ಸಾಕು.

ನಡುಮನೆ:
ಚಳ್ಳಕೆರೆ ಅಣ್ಣ, ಬಳೆಯ ಮಾತು ಚೆನ್ನಾಗಿದೆ. ಆದರೆ ಬಳೆ ತೆಗೆದಾಗ ಚಪ್ಪಾಳೆ ಬೀಳುತ್ತಲ್ಲ, ಆ ಚಪ್ಪಾಳೆ ಯಾವುದಕ್ಕೆ? ಸದ್ಯ ಗಂಡಸಾದ ಅನ್ನೋದಕ್ಕೆ. ಬೃಹನ್ನಳೆಯನ್ನು ಹಿಡಿದ ಎಷ್ಟೋ ಪ್ರಯೋಗಗಳ ಕತ್ತು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ: ಇಡೀ ಸಂಜೆ ಕ್ವಿಯರ್ ಜನರಾದ ನಮ್ಮ ಪರ ಮಾತಾಡಿ, ಕಡೆಗೆ ವೇಷ ಕಳಚಿದಾಗ ನಿಟ್ಟುಸಿರು ಬಿಡೋದು.

ಪರಿಹಾರ ಇದೆ, ಅದೂ ಪಠ್ಯದಲ್ಲೇ. ಉತ್ತರ ರಥ ಬಿಟ್ಟು ಓಡಿದಾಗ ಬೃಹನ್ನಳೆ ಅವನ ಹಿಂದೆ ಓಡುತ್ತಾಳೆ, ಉದ್ದ ಜಡೆ, ಕೆಂಪು ಬಟ್ಟೆ ಗಾಳಿಗೆ ಹಾರುತ್ತೆ. ಕೌರವರ ಕಡೆಯವರು ದೂರದಿಂದ ನೋಡಿ, ಸ್ವಲ್ಪ ಗಂಡಿನ ಹಾಗಿದೆ, ಸ್ವಲ್ಪ ಹೆಣ್ಣಿನ ಹಾಗಿದೆ, ಯಾರಿದು ಅನ್ನುತ್ತಾರೆ. ನಿಮ್ಮ ಪ್ರಯೋಗ ಅಲ್ಲಿ ನಿಲ್ಲಲಿ. ಆ ಓಟದಲ್ಲಿ ಇರೋದು ವೇಷ ಕಳಚದ ಬೃಹನ್ನಳೆ, ಆದರೂ ಓಡಿಹೋಗೋನನ್ನು ಹಿಡಿದು ನಿಲ್ಲಿಸೋಳು ಅವಳೇ. ಬಿಲ್ಲು ಕೈಗೆ ಬರೋ ಮುಂಚೆಯೇ ಧೈರ್ಯ ಇದೆ. ಬನ್ನಿಮರ ಬೇಕೇ ಬೇಕು ಅಂದರೆ ಬಳೆ ತೆಗೆದ ಮೇಲೂ ಜಡೆ ಹಾಗೇ ಇರಲಿ.

ಗಮಕ_ಜಗಳೂರು:
ಒಪ್ಪಿದೆ. ಹಾಗಾದರೆ ಬನ್ನಿಮರದ ಎರಡು ಪದ್ಯದಲ್ಲಿ ಒಂದನ್ನು ಬಿಟ್ಟು ಓಟದ ಭಾಗದಿಂದ ಒಂದು ತಗೊಳ್ಳಿ. ಲೆಕ್ಕ ಒಂಬತ್ತಕ್ಕೇ ನಿಲ್ಲುತ್ತೆ.

ದುರ್ಗದ ಓದುಗ:
ಈಗ ಶಿಖಂಡಿ. ಉದ್ಯೋಗಪರ್ವದ ಕೊನೆಯ ಅಂಬೋಪಾಖ್ಯಾನಕ್ಕೆ ಹೋಗಿ. ಸಂಗ್ರಹ ಕಥೆಗಳಲ್ಲಿ ಭೀಷ್ಮನನ್ನು ಕೊಲ್ಲುವ ಹಟ ತೊಟ್ಟ ಅಂಬೆ ಬೆಂಕಿಗೆ ಬಿದ್ದು ಶಿಖಂಡಿಯಾಗಿ ಹುಟ್ಟಿದಳು ಅನ್ನೋದರಿಂದ ಒಂದೇ ನೆಗೆತಕ್ಕೆ ಹತ್ತನೇ ದಿನದ ಯುದ್ಧಕ್ಕೆ ಬರುತ್ತಾರೆ, ನಡುವಿನ ಇಡೀ ಬದುಕು ಹಾರಿಹೋಗುತ್ತೆ. ಆ ನಡುವೆ ಇರೋದಿಷ್ಟು: ದ್ರುಪದನಿಗೆ ಹೆಣ್ಣು ಮಗು, ಗಂಡು ಅಂತ ಸಾರಿ ಬೆಳೆಸಿದರು. ದಶಾರ್ಣದ ಹಿರಣ್ಯವರ್ಮನ ಮಗಳ ಜೊತೆ ಮದುವೆ ಮಾಡಿದರು. ಗುಟ್ಟು ಹೊರಬಿತ್ತು, ಬೀಗರು ದಂಡೆತ್ತಿ ಬಂದರು. ಶಿಖಂಡಿ ಸಾಯಲು ಕಾಡಿಗೆ ಹೋದಾಗ ಸ್ಥೂಣಾಕರ್ಣ ಅನ್ನೋ ಯಕ್ಷ ಸಿಕ್ಕ, ಸ್ವಲ್ಪ ಕಾಲಕ್ಕೆ ಅಂತ ತನ್ನ ಗಂಡುತನ ಕೊಟ್ಟು ಅವಳ ಹೆಣ್ತನ ತಗೊಂಡ. ಹಿರಣ್ಯವರ್ಮ ಹೆಂಗಸರನ್ನು ಕಳಿಸಿ ಪರೀಕ್ಷೆ ಮಾಡಿಸಿದ, ಸಮಾಧಾನವಾಯಿತು. ಇತ್ತ ಕುಬೇರ ಬಂದಾಗ ಸ್ಥೂಣ ನಾಚಿ ಹೊರಗೆ ಬರಲಿಲ್ಲ. ಸಿಟ್ಟಾದ ಕುಬೇರ ನೀನು ಹೀಗೇ ಇರು ಅಂದ, ಆಮೇಲೆ ಶಿಖಂಡಿ ಸಾಯುವವರೆಗೆ ಅಂತ ಮಿತಿ ಹಾಕಿದ.

ಈ ಕಥೆ ಹೇಳೋನು ಯಾರು ಅನ್ನೋದನ್ನು ಮರೀಬೇಡಿ: ಭೀಷ್ಮ. ಕೇಳೋನು ದುರ್ಯೋಧನ. ದ್ರುಪದನ ಮನೆಯೊಳಗಿನ ಗುಟ್ಟು ಭೀಷ್ಮನಿಗೆ ಹೇಗೆ ಗೊತ್ತು ಅಂದರೆ, ಜಡ, ಕುರುಡ, ಕಿವುಡರ ವೇಷದಲ್ಲಿ ಗೂಢಚಾರರನ್ನು ಇಟ್ಟಿದ್ದ. ಅಂದರೆ ಶಿಖಂಡಿಯ ಬದುಕು ನಮಗೆ ಸಿಗೋದು ಬೇಹುಗಾರಿಕೆಯ ವರದಿಯಾಗಿ, ಅದೂ ಅವನನ್ನು ಎದುರಿಸಲ್ಲ ಅನ್ನೋ ಹಿರಿಯನ ಬಾಯಲ್ಲಿ. ಮರು ಓದು ಮಾಡೋರಿಗೆ ಇದಕ್ಕಿಂತ ದೊಡ್ಡ ಹಿಡಿಕೆ ಬೇರೆ ಬೇಕಾ?

ಹತ್ತನೇ ದಿನದ್ದೂ ಅಷ್ಟೆ. ಶಿಖಂಡಿ ಮುಂದೆ, ಅರ್ಜುನ ಹಿಂದೆ. ಮೈಗೆ ನೆಟ್ಟ ಬಾಣಗಳನ್ನು ನೋಡಿ ಭೀಷ್ಮ, ಇವು ಶಿಖಂಡಿಯ ಬಾಣಗಳಲ್ಲ, ಅರ್ಜುನನವು ಅನ್ನುತ್ತಾನೆ. ಯಾವ ಕೆಲಸಕ್ಕಾಗಿ ಎರಡು ಜನ್ಮ ಎತ್ತಿದ್ದೋ ಆ ಕೆಲಸವನ್ನೂ ಅವನ ಹೆಸರಿಗೆ ಬರೆಯಲಿಲ್ಲ.

ಬರವಣಿಗೆಗೆ ಖಾಲಿ ಬಿಟ್ಟ ಜಾಗಗಳೂ ಇವೆ. ಹಿರಣ್ಯವರ್ಮನ ಮಗಳಿಗೆ ಹೆಸರಿಲ್ಲ. ದ್ರೋಣಪರ್ವದಲ್ಲಿ ಶಿಖಂಡಿಯ ಮಗ ಕ್ಷತ್ರದೇವ ಬರುತ್ತಾನೆ, ಅಂದರೆ ಸಂಸಾರ ನಡೆದಿದೆ, ಅದರ ಬಗ್ಗೆ ಮಾತಿಲ್ಲ. ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮ ರಾತ್ರಿ ಶಿಖಂಡಿಯನ್ನು ಕೊಲ್ಲುತ್ತಾನೆ. ಕುಬೇರನ ಮಾತಿನ ಪ್ರಕಾರ ಸ್ಥೂಣನ ಶಾಪ ತೀರಬೇಕಾದ್ದು ಆಗಲೇ, ಆದರೆ ಕಥೆ ಅವನ ಕಡೆ ತಿರುಗಿ ನೋಡಲ್ಲ.

ಬೆಣ್ಣೆನಗರಿ:
ಹಾಗಾದರೆ ಗಮಕಕ್ಕೆ ಬೃಹನ್ನಳೆ, ಗೊಂಬೆಗೆ ಶಿಖಂಡಿ. ಅದಲುಬದಲನ್ನು ತೊಗಲುಗೊಂಬೆಯಲ್ಲಿ ತೋರಿಸೋದು ಹೇಗೆ? ನಮ್ಮವರು ಎರಡು ಗೊಂಬೆ ಒಂದರ ಮೇಲೊಂದು ಇಟ್ಟು ತೋರಿಸೋಣ ಅಂತಿದ್ದಾರೆ.

ತೊಗಲುಗೊಂಬೆ_ಹಿರಿಯೂರು:
ಒಂದರ ಮೇಲೊಂದು ಇಟ್ಟರೆ ಕಪ್ಪಾಗುತ್ತೆ. ಮೇಕೆ ಚರ್ಮ ಹದ ಮಾಡಿ, ಕೂದಲು ಹೆರೆದು, ಎಳೆದು ಕಟ್ಟಿ ಒಣಗಿಸಿದಾಗ ಬೆಳಕು ದಾಟೋದು ಒಂದು ಪದರಕ್ಕೆ. ಎರಡು ಪದರ ಆದರೆ ಕೆಂಪು, ಹಸಿರು ಎಲ್ಲಾ ಸೇರಿ ಕೆಸರು. ಉಳಿಯಿಂದ ಕೊರೆದ ತೂತುಗಳೂ ಒಂದಕ್ಕೊಂದು ಮುಚ್ಚಿಕೊಳ್ಳುತ್ತವೆ, ಆಭರಣವೇ ಕಾಣಲ್ಲ.

ಸಾಮಾನ್ಯಕ್ಕೆ ಮಾಡೋದು ಸೊಂಟದಲ್ಲಿ ತುಂಡು ಮಾಡಿ ಎರಡು ಕಡೆ ದಾರದಿಂದ ಕಟ್ಟಿದ ಗೊಂಬೆ. ಗಿಡಮರದ ಚಿತ್ರವಿರುವ ತೊಗಲುಗೊಂಬೆಯ ಮರೆಯಲ್ಲಿ ಕೆಳಭಾಗ ಬದಲಿಸಿಬಿಡಬಹುದು. ಎರಡು ಸೆಕೆಂಡಿನ ಕೆಲಸ.

ನಡುಮನೆ:
ಸೊಂಟದ ಕೆಳಗೆ ಬದಲಿಸೋದು ದಯವಿಟ್ಟು ಬೇಡ. ಇಡೀ ಮನುಷ್ಯನನ್ನು ಅಷ್ಟಕ್ಕೇ ಇಳಿಸಿದ ಹಾಗಾಗುತ್ತೆ. ಹಿರಣ್ಯವರ್ಮ ಕಳಿಸಿದ ಪರೀಕ್ಷೆಯ ಹೆಂಗಸರು ಮಾಡಿದ್ದೂ ಅದನ್ನೇ.

ತೊಗಲುಗೊಂಬೆ_ಹಿರಿಯೂರು:
ಸರಿ ಅಕ್ಕಾ, ಇನ್ನೊಂದು ದಾರಿ ಇದೆ. ಗೊಂಬೆ ಪರದೆಗೆ ಅಂಟಿಕೊಂಡಿದ್ದರೆ ಗೆರೆ ಚೂಪು, ದೀಪದ ಕಡೆ ಎಳೆದಷ್ಟೂ ದೊಡ್ಡದಾಗಿ ಮಸುಕಾಗುತ್ತೆ. ಶಿಖಂಡಿಯನ್ನು ಪರದೆಗೆ ಒತ್ತಿ ಅಲ್ಲಾಡದ ಹಾಗೆ ಹಿಡೀರಿ. ಸ್ಥೂಣನನ್ನು ಮೆಲ್ಲಗೆ ಹಿಂದಕ್ಕೆ ಎಳೀರಿ. ಸ್ಥೂಣನ ನೆರಳು ಬೆಳೆದು ಶಿಖಂಡಿಯ ಸುತ್ತ ಆವರಿಸುತ್ತೆ, ಅಂಚು ಕರಗುತ್ತೆ. ಹತ್ತು ಹದಿನೈದು ಸೆಕೆಂಡು ಹಾಗೇ ಇರಲಿ, ಹಿಮ್ಮೇಳ ಪೂರ್ತಿ ನಿಲ್ಲಲಿ. ಅಷ್ಟರಲ್ಲಿ ಸ್ಥೂಣನ ಎರಡನೇ ಗೊಂಬೆ, ಅದೇ ಮುಖ ಅದೇ ಎತ್ತರ, ಬಿಚ್ಚುಗೂದಲು, ಸೀರೆಯ ನೆರಿಗೆ ಇರೋದು, ಕೈ ಬದಲಾಯಿಸಿ ಅದೇ ಜಾಗದಿಂದ ಮುಂದಕ್ಕೆ ತನ್ನಿ. ಶಿಖಂಡಿ ಗೊಂಬೆ ಬದಲಾಗೋದೇ ಇಲ್ಲ. ಕೊಟ್ಟವನ ಮೇಲೆ ಬದಲಾವಣೆ ಕಾಣುತ್ತೆ.

ಇದಕ್ಕೆ ಬೆಳಕಿನ ಮೂಲ ಒಂದೇ ಇರಬೇಕು. ಎಲ್‌ಇಡಿ ಪಟ್ಟಿ ಹಾಕಿದರೆ ಪ್ರತಿ ಬಲ್ಬಿಗೂ ಒಂದೊಂದು ಅಂಚು ಬಿದ್ದು ನೆರಳು ನಾಲ್ಕೈದಾಗುತ್ತೆ. ಹಾಲು ಗಾಜಿನ ದೊಡ್ಡ ಪ್ಯಾನಲ್ ಆದರೆ ಗೊಂಬೆ ಸ್ವಲ್ಪ ಹಿಂದೆ ಸರಿದರೂ ನೆರಳೇ ಮಾಯ. ಹಳೇ ಥರದ ಒಂದೇ ಸಾದಾ ಬಲ್ಬು, ಗೊಂಬೆಯವರ ತಲೆಗಿಂತ ಸ್ವಲ್ಪ ಮೇಲೆ ತೂಗುಹಾಕಿ. ಫ್ಯಾನ್ ಗಾಳಿ ಪರದೆಗೆ ತಾಗದ ಹಾಗೆ ನೋಡಿಕೊಳ್ಳಿ.

ನಡುಮನೆ:
ಇದು ಚಂದ ಇದೆ! ಸ್ಥೂಣನನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಆದರೆ ಬಂಧು ಬಳಗ ಎಲ್ಲಾ ಕೈಬಿಟ್ಟ ಹೊತ್ತಲ್ಲಿ ಕೈಹಿಡಿದವನು ಅವನೊಬ್ಬನೇ, ಶಿಕ್ಷೆಯೂ ಅವನಿಗೇ.

ನಿರೂಪಣೆಗೆ ಒಂದು ಉಪಾಯ. ಕನ್ನಡದಲ್ಲಿ ಬಂದನು, ಬಂದಳು ಅಂತ ಪ್ರತಿ ಕ್ರಿಯಾಪದವೂ ಗಂಡು ಹೆಣ್ಣು ಹೇಳಿಬಿಡುತ್ತೆ. ಭೀಷ್ಮನ ಬಾಯಲ್ಲಿ ಹಾಗೇ ಇರಲಿ, ಒಂದು ವಾಕ್ಯದಲ್ಲಿ ಅವನು, ಮುಂದಿನದರಲ್ಲಿ ಅವಳು ಅಂತ ತಡವರಿಸಲಿ. ಶಿಖಂಡಿಯ ಮಾತೆಲ್ಲ ಉತ್ತಮ ಪುರುಷದಲ್ಲಿ ಬರೀರಿ: ಬಂದೆ, ಕಂಡೆ, ಕೇಳಿದೆ. ಅಲ್ಲಿ ಲಿಂಗ ಇಲ್ಲ. ಹೇಳೋನು ಮತ್ತು ಬದುಕಿದವರ ನಡುವಿನ ಅಂತರ ವ್ಯಾಕರಣದಲ್ಲೇ ಕೇಳಿಸುತ್ತೆ.

ಕಲಾವಿದರ ಬಗ್ಗೆಯೂ ಹೇಳಿಬಿಡ್ತೀನಿ. ಎಲ್ಲಮ್ಮನಿಗೆ ಮುಡಿಪಾದ ಟ್ರಾನ್ಸ್ ಕಲಾವಿದೆಯರಾದ ಜೋಗತಿಯರನ್ನು ಕರೆಸೋ ಯೋಚನೆ ಇದ್ದರೆ ಅವರದೇ ಪೂರ್ತಿ ಪ್ರದರ್ಶನಕ್ಕೆ ಸಮಯ ಕೊಡಿ, ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೂ ಉದ್ಘಾಟನೆಗೆ ಐದು ನಿಮಿಷ ಕುಣಿಸಿ ಕಳಿಸೋ ಚಾಳಿ ಹೋಗಿಲ್ಲ. ತಲೆ ಮೇಲಿನ ಕೊಡ ಅವರಿಗೆ ಎಲ್ಲಮ್ಮನ ಸೇವೆ, ನಿಮ್ಮ ಶಿಖಂಡಿಯ ಪಕ್ಕ ನಿಲ್ಲಿಸೋ ರಂಗಸಜ್ಜಿಕೆ ಅಲ್ಲ. ಸಂಭಾವನೆ ಗಮಕಿಗಳಿಗೆ ಎಷ್ಟೋ ಅಷ್ಟೇ, ಮತ್ತು ಅವತ್ತೇ.

ಕುಂಚ_ದಾವಣಗೆರೆ:
ಚಿತ್ರಗಳ ಕಡೆಗೆ ಬರ್ತೀನಿ. ಪೋಸ್ಟರಿಗೆ ಹರಿಹರದ ಹರಿಹರೇಶ್ವರನ ಫೋಟೋ ಹಾಕೋಣ ಅನ್ನೋ ಸಲಹೆ ಬಂದಿದೆ ಅಂತ ಕೇಳಿದೆ. ಬೇಡ ನೋಡ್ರಿ. ಪಕ್ಕದ ಊರು, 1224ರ ಸುಮಾರಿನ ಹೊಯ್ಸಳ ಗುಡಿ, ಅರ್ಧರ್ಧ ಮೂರ್ತಿ, ಎಲ್ಲಾ ಆಕರ್ಷಕವೇ. ಆದರೆ ಆ ಅರ್ಧಗಳು ಹೆಣ್ಣು ಗಂಡು ಅಲ್ಲ. ಮೂರ್ತಿಯ ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಅರ್ಧನಾರೀಶ್ವರ ಬೇರೆ, ಅಲ್ಲಿ ಎಡಭಾಗ ಪಾರ್ವತಿ. ಹರಿಹರದ ಸ್ಥಳಪುರಾಣ ಗುಹಾಸುರನ ವಧೆಯದ್ದು, ಹರಿ ಒಬ್ಬನೇ ಹರ ಒಬ್ಬನೇ ಕೊಲ್ಲೋಕಾಗದ ವರ ಅವನಿಗೆ. ಮೋಹಿನಿಯ ಕಥೆ ಹಿಡಿದು ಹರಿ-ಹರರನ್ನು ಬೇರೆ ಥರ ಓದಿದವರಿದ್ದಾರೆ, ಅದನ್ನು ಮಾತುಕತೆಯಲ್ಲಿ ತನ್ನಿ, ನ್ಯಾಯ. ಪೂಜೆ ನಡೆಯೋ ಮೂರ್ತಿಯನ್ನು ಏನೂ ವಿವರಿಸದೆ ಪೋಸ್ಟರಿಗೆ ಹಾಕಿದರೆ ಸಂಜೆಯೆಲ್ಲ ಅದರದ್ದೇ ಜಗಳ, ಶಿಖಂಡಿ ಮತ್ತೆ ಮೂಲೆಗೆ.

ಹಾಗೇ ದಾಸಿಮಯ್ಯನ ಮೊಲೆ ಮುಡಿಯ ವಚನ. ಇಂಥ ಎಲ್ಲಾ ಬ್ಯಾನರಿನಲ್ಲೂ ಇರುತ್ತೆ. ದೊಡ್ಡ ವಚನವೇ, ಆದರೆ ಅಲ್ಲಿ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅನ್ನೋ ಮಾತು. ಶಿಖಂಡಿಯದು ದೇಹದ ಕಷ್ಟ, ಅದನ್ನು ಆತ್ಮಕ್ಕೆ ಏರಿಸಿ ಕೈತೊಳೆದುಕೊಳ್ಳೋದು ಸುಲಭದ ದಾರಿ.

ಚಿತ್ರಕ್ಕೆ ವಸ್ತು ಕೊಡೋದಾದರೆ ವಿದ್ಯಾರ್ಥಿಗಳಿಗೆ ಶಿಖಂಡಿ ಅಂತ ಒಂದೇ ಪದ ಕೊಟ್ಟು ಬಿಡಬೇಡಿ, ಎಲ್ಲರೂ ಅರ್ಧ ಮೀಸೆ ಅರ್ಧ ಕುಂಕುಮ ಬರ್ಕೊಂಡು ಬರ್ತಾರೆ. ಸನ್ನಿವೇಶ ಕೊಡಿ. ಉತ್ತರೆ ಬೃಹನ್ನಳೆಗೆ ಯುದ್ಧದಿಂದ ತನ್ನ ಗೊಂಬೆಗಳಿಗೆ ಬಣ್ಣದ ಬಟ್ಟೆ ತಾ ಅಂತ ಕೇಳಿದ್ದು. ಕವಚ ತೊಡೋಕೆ ಬಾರದವಳ ಹಾಗೆ ನಟಿಸಿದ ಬೃಹನ್ನಳೆ, ನಗುತ್ತಿರೋ ಹುಡುಗಿಯರು. ಕುಬೇರ ಬಂದಾಗ ಮನೆಯೊಳಗೇ ಕೂತ ಸ್ಥೂಣ. ಕುರುಡನ ವೇಷದ ಗೂಢಚಾರ. ಇವು ನಾಲ್ಕೇ ಸಾಕು, ಅರ್ಧ ಗೋಡೆ ತುಂಬುತ್ತೆ.

ದುರ್ಗದ ಓದುಗ:
ಹೊರಗಿನ ಪ್ರಯೋಗ ಯಾವುದಾದರೂ ಮಾತುಕತೆಗೆ ಬೇಕಾದರೆ ಚಿತ್ರಾಂಗದೆಯನ್ನು ತನ್ನಿ. ಟ್ಯಾಗೋರರ 1892ರ ನಾಟಕ, 1936ರಲ್ಲಿ ನೃತ್ಯನಾಟಕವಾಯಿತು. ಗಂಡಿನ ಹಾಗೆ ಬೆಳೆದ ಮಣಿಪುರದ ರಾಜಕುಮಾರಿ ಅರ್ಜುನನಿಗಾಗಿ ಮದನನಿಂದ ಒಂದು ವರ್ಷದ ರೂಪ ಪಡೀತಾಳೆ. 2012ರಲ್ಲಿ ಋತುಪರ್ಣೋ ಘೋಷ್ ಅದೇ ಹೆಸರಿನ ಸಿನಿಮಾ ಮಾಡಿ, ಆ ನಾಟಕ ಆಡಿಸೋ ನೃತ್ಯ ನಿರ್ದೇಶಕನ ಪಾತ್ರ ತಾವೇ ವಹಿಸಿದರು. ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಹೊರಟವನ ಕಥೆ ಅದು. ಅರ್ಜುನನಿಗೂ ಒಂದು ವರ್ಷ, ಚಿತ್ರಾಂಗದೆಗೂ ಒಂದು ವರ್ಷ. ಇಬ್ಬರಿಗೂ ಸಾಲ ತಂದ ರೂಪ, ತೀರಿಸೋ ಗಡುವು. ಬೃಹನ್ನಳೆಯ ಪಕ್ಕ ಇಟ್ಟು ಮಾತಾಡೋಕೆ ಇದು ಹೊಂದುತ್ತೆ.

ಅರ್ಜುನನ ಮಗ ಅರವಾನನನ್ನು, ಟ್ರಾನ್ಸ್ ಮಹಿಳೆಯರು ಅವನನ್ನು ವರಿಸುವ ಕೂವಾಗಂ ಜಾತ್ರೆಯನ್ನು ಇದರಲ್ಲಿ ಬೆರೆಸಬೇಡಿ. ಅದು ತಮಿಳುನಾಡಿನ ಕೂತ್ತಾಂಡವರ್ ಆರಾಧನೆ, ನಡೆಯುತ್ತಿರೋ ನಂಬಿಕೆ, ಅದಕ್ಕೇ ಒಂದು ಸಂಜೆ ಬೇಕು.

ಬೆಣ್ಣೆನಗರಿ:
ಎಲ್ಲರಿಗೂ ಶರಣು. ತೀರ್ಮಾನ ಹೀಗಾಯ್ತು: ಗಮಕ ನಲವತ್ತು ನಿಮಿಷ, ಓಟದ ಪದ್ಯ ಕೊನೆಗೆ. ಅದರ ಹಿಂದೆಯೇ ಒಬ್ಬ ಕಲಾವಿದರಿಂದ ಐದು ನಿಮಿಷದ ಮೂಕ ಅಭಿನಯ, ಬಳೆ ತೆಗೆದು ಹೆದೆ ಏರಿಸೋದು, ಜಡೆ ಬಿಚ್ಚಲ್ಲ. ಆಮೇಲೆ ಸ್ಥೂಣ-ಶಿಖಂಡಿ ಗೊಂಬೆಯಾಟ. ಪೋಸ್ಟರಿಗೆ ಗೂಢಚಾರನ ಚಿತ್ರ. ಕೊನೆಯದಾಗಿ ಚಳ್ಳಕೆರೆಯವರಿಗೆ ಒಂದು ಪ್ರಶ್ನೆ: ಮೊಣಕೈವರೆಗೆ ಬಳೆ ಅಂದರೆ ಗಾಜಿನದೇ ಆಗಬೇಕಾ? ಸದ್ದು ಚೆನ್ನಾಗಿರುತ್ತೆ ಅಂತ.

ಮೂಡಲಪಾಯ_ಚಳ್ಳಕೆರೆ:
ಗಾಜು ಬೇಡವೇ ಬೇಡ. ಅಷ್ಟು ಬಳೆ ಸಭೆಯ ಮುಂದೆ ತೆಗೆಯುವಾಗ ಎರಡಾದರೂ ಒಡೆದು ಕೈ ಕುಯ್ಯುತ್ತೆ, ಚೂರು ರಂಗದ ಮೇಲೆ ಬಿದ್ದರೆ ಮುಂದೆ ಗೊಂಬೆಯವರು ಬರಿಗಾಲಲ್ಲಿ ಬರ್ತಾರೆ. ಮೂಲದಲ್ಲಿ ಶಂಖದ ಬಳೆ, ಬಿಳಿ. ಬಿಳಿ ಪ್ಲಾಸ್ಟಿಕ್ಕಿನದು ದೂರಕ್ಕೆ ಹಾಗೇ ಕಾಣುತ್ತೆ. ಮಣಿಕಟ್ಟಿನ ಕಡೆ ಸಣ್ಣ ಅಳತೆ, ಮೊಣಕೈ ಕಡೆ ದೊಡ್ಡದು, ಮೂರು ಅಳತೆ ತನ್ನಿ, ಇಲ್ಲದಿದ್ದರೆ ಎಲ್ಲಾ ಜಾರಿ ಕೆಳಗೆ ಬಂದು ಕಲೆ ಮೊದಲೇ ಕಾಣುತ್ತೆ. ಸದ್ದು ಬೇಕಾದರೆ ನಡುವೆ ಎರಡೆರಡು ಹಿತ್ತಾಳೆಯದು ಸೇರಿಸಿ. ಸಲೀಸಾಗಿ ಜಾರಲಿ ಅಂತ ಎಣ್ಣೆ ಹಚ್ಚಬೇಡಿ, ಕಲೆಯ ಅಂಟು ಬಿಟ್ಟುಬಿಡುತ್ತೆ. ಪೌಡರ್ ಸಾಕು.